ಆರ್ಡಿಸ್ ಹೇಳಿದ ಬೇಡ

ನನ್ನ ಕಚೇರಿಯ ಗೋಡೆಯಲ್ಲಿ, ಕಾಫಿ ಪಾತ್ರೆಗೆ ಸರಿಯಾಗಿ ಮೇಲೆ, ಇಪ್ಪತ್ತು ವರ್ಷ ಒಂದು ಸುಳ್ಳು ನೇತಾಡುತ್ತಿತ್ತು. ಅದಕ್ಕೆ ಮೊಳೆ ಹೊಡೆದವಳು ನಾನೇ. ಆದ್ದರಿಂದ ಈ ಕಥೆ ಕೇಳಿ ಯಾರಿಗಾದರೂ ಬೈಯಬೇಕು ಅನ್ನಿಸಿದರೆ ಮೊದಲ ಬೈಗುಳ ನನಗೇ ಇರಲಿ. ಮಿಕ್ಕಿದ್ದೆಲ್ಲ ಓರ್ವಲ್ ನೀಗಾರ್ಡ್‌ಗೆ.

ನಾನು ಟಿಲ್ಲಿ. ಮಿನ್ನೆಸೋಟದ ಉತ್ತರ ತುದಿಯಲ್ಲಿ, ಹ್ಯಾಲ್ವರ್ ಸರೋವರದ ದಂಡೆಯಲ್ಲಿ ಎಂಟು ಕ್ಯಾಬಿನ್‌ಗಳ ರೆಸಾರ್ಟ್ ನಮ್ಮದು. ಕಟ್ಟಿಸಿದ್ದು ನನ್ನ ಮಾವ, ನಡೆಸುವುದು ನಾನು, ನಡೆಸುತ್ತಿದ್ದೇನೆ ಎಂದು ಹೇಳಿಕೊಳ್ಳುವುದು ನನ್ನ ಗಂಡ ಗಾರ್ತ್. ಬೇಸಿಗೆಗೆ ಬರುವವರು ಅದೇ ಜನ, ಅದೇ ವಾರ, ಅದೇ ಕ್ಯಾಬಿನ್. ಜುಲೈ ಮೂರನೆಯ ವಾರ ಐದನೇ ಕ್ಯಾಬಿನ್ ನೀಗಾರ್ಡ್ ಮನೆಯವರದು. ಬರುವುದು ವಾಲೈ ಮೀನು ಹಿಡಿಯಲು. ಬೆಕ್ಕಿನ ಹಾಗೆ ಹೊಳೆಯುವ ಕಣ್ಣಿನ ಈ ಮೀನನ್ನು ಹಿಡಿಯದವರನ್ನು ನಮ್ಮ ಕಡೆ ದೊಡ್ಡವರ ಸಾಲಿಗೆ ಸೇರಿಸುವುದಿಲ್ಲ, ಐವತ್ತು ದಾಟಿದ್ದರೂ ಅಷ್ಟೆ.

ನಮ್ಮ ಕಡೆಯ ಒಂದು ರೂಢಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಇಲ್ಲಿ ಯಾರಾದರೂ ಕಾಫಿ ಬೇಕಾ ಎಂದು ಕೇಳಿದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ ಕೇಳಿದಾಗ ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ ಸರಿ, ಅರ್ಧ ಕಪ್ ಎಂದು ಹೇಳಿ ಪೂರ್ತಿ ಕಪ್ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಎಂದವನು ಹೊಟ್ಟೆಬಾಕ. ಒಂದೇ ಸಲ ಕೇಳಿ ಸುಮ್ಮನಾದವಳು ಜಿಪುಣಿ. ಹೀಗಾಗಿ ನಮ್ಮಲ್ಲಿ ಮೊದಲ ಬೇಡಕ್ಕೆ ಬೆಲೆಯೇ ಇಲ್ಲ. ಹಾಗಾದರೆ ನಿಜವಾಗಿಯೂ ಬೇಡವಾದವರು ಏನು ಹೇಳಬೇಕು ಎಂದರೆ, ಅದಕ್ಕೆ ನಮ್ಮ ಹಿರಿಯರು ಬೇರೆ ಮಾತು ಮಾಡಿಟ್ಟು ಹೋಗಲಿಲ್ಲ.

ನೀಗಾರ್ಡ್ ಮನೆಗೆ ಸೊಸೆಯಾಗಿ ಬಂದ ಆರ್ಡಿಸ್ ಹುಟ್ಟಿದ್ದು ಪಶ್ಚಿಮದ ಬಯಲಿನಲ್ಲಿ, ಸಕ್ಕರೆ ಬೀಟ್ ಬೆಳೆಯುವ ಊರಿನಲ್ಲಿ. ಅಲ್ಲಿ ನೀರೆಂದರೆ ಹೊಲದ ಬದಿಯ ಕಾಲುವೆ, ಮೀನೆಂದರೆ ಡಬ್ಬದ ಮೀನು. ಗಾಳ ಹಾಕಿ ಕೂತವನನ್ನು ಕಂಡರೆ ಅವಳಪ್ಪ ಮೈಗಳ್ಳ ಎನ್ನುತ್ತಿದ್ದನಂತೆ. ಇಪ್ಪತ್ತಕ್ಕೆ ಶಾಲೆಯ ಅಡುಗೆಮನೆ ಸೇರಿದಳು. ದಿನಕ್ಕೆ ಮುನ್ನೂರು ಮಕ್ಕಳಿಗೆ ಬಡಿಸುವ ಕೆಲಸ. ಯಾವ ಮಗು ಬಟಾಣಿಯನ್ನು ಕರವಸ್ತ್ರದಲ್ಲಿ ಸುತ್ತಿ ಬಿಸಾಡುತ್ತದೆ ಎನ್ನುವುದು ಅವಳಿಗೆ ಹತ್ತು ವರ್ಷ ಕಳೆದರೂ ನೆನಪಿರುತ್ತಿತ್ತು. ಮರೆಯುವ ಜಾತಿಯಲ್ಲ ಅವಳು. ಮೂವತ್ತಮೂರಕ್ಕೆ ಲೈಲ್ ನೀಗಾರ್ಡ್‌ನನ್ನು ಮದುವೆಯಾದಳು. ಲೈಲ್ ಒಳ್ಳೆಯವನು. ಒಳ್ಳೆಯವನು ಎಂದರೆ ಬಾಯಿ ಬಿಡದವನು. ನಮ್ಮ ಕಡೆ ಎರಡೂ ಒಂದೇ ಎಂದು ತಿಳಿಯುತ್ತಾರೆ, ನನಗೆ ಮೈ ಉರಿಯುವುದೇ ಅದಕ್ಕೆ.

ಮದುವೆಯಾದ ಮರುವರ್ಷ, ತೊಂಬತ್ತೆಂಟರ ಜುಲೈಯಲ್ಲಿ, ಲೈಲ್ ಅವಳನ್ನು ಮೊದಲ ಸಲ ಸರೋವರಕ್ಕೆ ಕರೆತಂದ. ಜೊತೆಗೆ ಲೈಲ್‌ನ ಅಣ್ಣ ಓರ್ವಲ್. ಮದುವೆಯಾಗದ ಗಂಡಸು, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯವನು. ಕೂತ ಕಡೆಯೆಲ್ಲ ತಾನೇ ಯಜಮಾನ ಎಂದುಕೊಂಡವನು. ಆ ದೋಣಿ ಲೈಲ್‌ನದೇ ಆಗಿದ್ದರೂ ಎಲ್ಲಿ ನಿಲ್ಲಿಸಬೇಕು, ಯಾರು ಎಲ್ಲಿ ಕೂರಬೇಕು ಎಂದು ಹೇಳುತ್ತಿದ್ದವನು ಓರ್ವಲ್.

ದೋಣಿಯಲ್ಲಿ ನಡೆದದ್ದನ್ನು ಆರ್ಡಿಸ್ ನನಗೆ ಆ ಸಂಜೆಯೇ ಹೇಳಿದಳು. ಗಾಳಕ್ಕೆ ಜಿಗಣೆ ಸಿಕ್ಕಿಸಿದ್ದು ಅವಳೇ. ವಾಲೈ ಉಳಿದ ಮೀನುಗಳ ಹಾಗೆ ಜಗ್ಗುವುದಿಲ್ಲ, ಬರೀ ಬಾಯಲ್ಲಿಟ್ಟುಕೊಂಡು ನೋಡುತ್ತದೆ. ಆಗ ದಾರ ಸಡಿಲ ಬಿಟ್ಟು ಹತ್ತರವರೆಗೆ ಎಣಿಸಬೇಕು. ಅವಸರ ಮಾಡಿದವರಿಗೆ ಖಾಲಿ ಗಾಳ. ಆರ್ಡಿಸ್‌ಳ ಬೆರಳಿಗೆ ದಾರ ಭಾರವಾಯಿತು. "ಕಸ ಸಿಕ್ಕಿದೆ, ಎತ್ಕೋ" ಎಂದ ಓರ್ವಲ್. ಅವಳು ಎತ್ತಲಿಲ್ಲ. ಮನಸ್ಸಿನಲ್ಲೇ ಹತ್ತು ಎಣಿಸಿ ಕೋಲು ಎಳೆದಳು. ಕೋಲು ಬಾಗಿ ತುದಿ ನೀರು ಮುಟ್ಟಿತು. ಏಳೆಂಟು ನಿಮಿಷ ಅವಳು ಒಬ್ಬಳೇ ಆಡಿಸಿದಳು. ಮೀನು ಆಳಕ್ಕೆ ಹೋದರೆ ಬಿಡುವುದು, ನಿಂತರೆ ಸುತ್ತುವುದು, ಯಾರೂ ಹೇಳಿಕೊಟ್ಟಿರಲಿಲ್ಲ. ಮೀನಿನ ಬೆನ್ನು ಚಿನ್ನದ ಬಣ್ಣಕ್ಕೆ ಹೊಳೆದು ಮೇಲೆ ಬಂದಾಗ ಓರ್ವಲ್ ನೋಡಿದ. ಅದರ ಅಳತೆ ನೋಡಿದ.

"ನಾನು ತಗೊಳ್ಲಾ?" ಎಂದು ಕೇಳಿದ.

"ಬೇಡ" ಎಂದಳು ಆರ್ಡಿಸ್.

ಅಷ್ಟರಲ್ಲಿ ಕೋಲು ಅವನ ಕೈಯಲ್ಲಿತ್ತು. ಉಳಿದಿದ್ದ ಹದಿನೈದು ಅಡಿ ದಾರ ಸುತ್ತಿ, ಮೀನನ್ನು ದೋಣಿಯ ಬದಿಗೆ ಎಳೆದ. ಹಿಂದೆ ಮೋಟರ್ ಹಿಡಿದು ಕೂತಿದ್ದ ಲೈಲ್ ಬಲೆ ಹಾಕಿ ಎತ್ತಿದ. ಬಾಯಿ ಬಿಡಲಿಲ್ಲ.

ಇಪ್ಪತ್ತೊಂಬತ್ತೂವರೆ ಇಂಚು. ಆ ಬೇಸಿಗೆಯಲ್ಲಿ ಹ್ಯಾಲ್ವರ್‌ನಲ್ಲಿ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ದೋಣಿಕಟ್ಟೆಯಲ್ಲಿ ಎಲ್ಲ ಕ್ಯಾಬಿನ್‌ನವರೂ ಸೇರಿದರು. ಅಳೆದವಳು ನಾನು. ನನ್ನ ಮಾವನ ಕಾಲದಿಂದ ನಮ್ಮಲ್ಲಿ ಒಂದೇ ನಿಯಮ: ದೋಣಿಗೆ ಎಳೆದವರ ಹೆಸರೇ ದೊಡ್ಡ ಮೀನುಗಳ ಪಟ್ಟಿಯ ಹಲಗೆಯ ಮೇಲೆ. "ಎಳೆದವರು ಯಾರು?" ಎಂದೆ. "ನಾನು" ಎಂದ ಓರ್ವಲ್. ಆರ್ಡಿಸ್ ಗುಂಪಿನ ಹಿಂದಿನಿಂದ, ಬಂದು ಎರಡು ದಿನವಾಗಿದ್ದ ಹೊಸ ಹೆಂಗಸು, "ನಾನು ಬೇಡ ಅಂದಿದ್ದೆ" ಎಂದಳು.

ಓರ್ವಲ್ ಎಲ್ಲರ ಕಡೆ ತಿರುಗಿ ನಕ್ಕ. "ಒಂದು ಸಲ ಬೇಡ ಅಂದ್ರೆ ಬೇಡ ಅಂತ ಯಾರಾದ್ರೂ ತಿಳ್ಕೋತಾರಾ? ಇಷ್ಟೂ ಗೊತ್ತಿಲ್ವಾ ನಿಮ್ಮ ಬಯಲಿನವ್ರಿಗೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಓರ್ವಲ್‌ನ ಹೆಸರು ಬರೆದೆ. ಆ ಚಳಿಗಾಲ ಅವನು ಮೀನಿಗೆ ಹೊಟ್ಟು ತುಂಬಿಸಿ, ಬಣ್ಣ ಬಳಿಸಿ, ಮರದ ಹಲಗೆಗೆ ಹಚ್ಚಿಸಿ ತಂದ. ಕೆಳಗೆ ಹಿತ್ತಾಳೆ ಪಟ್ಟಿ, ಅದರಲ್ಲಿ ಅವನ ಹೆಸರು. ಶುರುವಿಗೆ ನಾನು ಹೇಳಿದ ಗೋಡೆಯ ಸುಳ್ಳು ಅದೇ.

ಆ ಸಂಜೆ ಆರ್ಡಿಸ್ ಬಾಣಲೆ ವಾಪಸ್ ಕೊಡಲು ನನ್ನ ಅಡುಗೆಮನೆಗೆ ಬಂದಳು. ಬಾಣಲೆ ಮೊದಲೇ ತೊಳೆದಿತ್ತು, ಆದರೂ ಇನ್ನೊಂದು ಸಲ ತಿಕ್ಕಿದಳು.

"ಆಯ್ತು ಬಿಡೇ, ಒಂದು ಮೀನು" ಎಂದೆ ನಾನು, ಮೂರ್ಖಳು.

"ಮೀನಲ್ಲ ಟಿಲ್ಲಿ. ಅವ್ರು ಉಪಚಾರದ ಬೇಡ ಅಂತ ತಪ್ಪಾಗಿ ತಿಳ್ಕೊಂಡಿದ್ರೆ ನನ್ನ ಹಣೆಬರಹ ಅಂದ್ಕೋತೀನಿ. ನಿಜವಾದ ಬೇಡ ಅಂತ ಗೊತ್ತಿದ್ದೂ ಕಿತ್ಕೊಂಡಿದ್ರೆ ಅದು ಕಳ್ಳತನ. ಅದನ್ನ ಅವ್ರ ಬಾಯಿಂದಲೇ ಹೇಳಿಸ್ತೀನಿ. ಎಷ್ಟು ವರ್ಷ ಆದ್ರೂ ಸರಿ."

ಕೋಪದಲ್ಲಿ ಹೇಳಿದ ಮಾತು, ಬೆಳಿಗ್ಗೆಗೆ ಇಳಿಯುತ್ತದೆ ಎಂದುಕೊಂಡೆ. ನನಗೆ ಬಟಾಣಿಯ ವಿಷಯ ಆಗ ಗೊತ್ತಿರಲಿಲ್ಲ.

ಮರುವರ್ಷದಿಂದ ಓರ್ವಲ್ ಅವಳ ಕೈಗೆ ಬಲೆ ಕೊಟ್ಟ. ದೋಣಿಯಲ್ಲಿ ಮೂರು ಕೋಲಾದರೆ ದಾರ ಗೋಜಲಾಗುತ್ತದೆ ಎನ್ನುವುದು ಅವನ ನೆಪ. ಅವನು ಹಿಡಿದ ವಾಲೈಗಳನ್ನೆಲ್ಲ ಬಲೆಯಲ್ಲಿ ಎತ್ತಿದವಳು ಅವಳು. ಶುಕ್ರವಾರ ಎಲ್ಲ ಕ್ಯಾಬಿನ್‌ನವರೂ ಸೇರಿ ದಂಡೆಯಲ್ಲಿ ಮೀನು ಕರಿಯುವ ಸಂಜೆ ಅವನು ತಪ್ಪದೆ ಅದೇ ಕಥೆ ಹೇಳುತ್ತಿದ್ದ. "ಆರ್ಡಿಸ್ ಕೈಲಿ ಬಿಟ್ಟಿದ್ರೆ ಆ ಮೀನು ಇವತ್ತಿಗೂ ಕೆರೇಲೇ ಇರ್ತಿತ್ತು." ಹತ್ತನೆಯ ವರ್ಷಕ್ಕೆ ರಬ್ಬರಿನ ಆಟದ ವಾಲೈ ಒಂದನ್ನು ಕಾಗದದಲ್ಲಿ ಸುತ್ತಿ ಅವಳಿಗೆ ಉಡುಗೊರೆ ಕೊಟ್ಟ. "ತಗೋ, ನಿನ್ನ ಮೊದಲ್ನೇ ವಾಲೈ" ಎಂದ. ಅವಳು ಥ್ಯಾಂಕ್ಸ್ ಎಂದು ಹೇಳಿ ತೆಗೆದುಕೊಂಡಳು. ಅದನ್ನು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ನೇತುಹಾಕಿಕೊಂಡಿದ್ದಾಳೆಂದು ಲೈಲ್ ಒಮ್ಮೆ ನನಗೆ ಹೇಳಿದ. ದಿನಾ ನೋಡುವುದಕ್ಕೆ. ಲೈಲ್ ಪಾಪ ಅದನ್ನು ತಮಾಷೆ ಎಂದುಕೊಂಡಿದ್ದ.

ಲೈಲ್ ಹೃದಯಾಘಾತದಿಂದ ಹೋದ. ಇನ್ನು ಇವಳು ಬರುವುದಿಲ್ಲ ಎಂದುಕೊಂಡೆ. ಆದರೆ ಜನವರಿಯಲ್ಲಿ ಫೋನ್ ಮಾಡಿದಳು.

"ಐದನೇ ಕ್ಯಾಬಿನ್ ಬೇರೆ ಯಾರಿಗೂ ಕೊಡ್ಬೇಡ ಟಿಲ್ಲಿ."

"ಓರ್ವಲ್ ಕೂಡ ಬರ್ತಾನಲ್ಲೇ. ಅವನಿಗೆ ಅಡುಗೆ ಮಾಡಿ ಹಾಕ್ಕೊಂಡು ಯಾಕೆ ಬರ್ತೀಯ?"

"ಅಲ್ಲಿ ನಂದೊಂದು ಕೆಲ್ಸ ಬಾಕಿ ಇದೆ" ಎಂದಳು. ಅಷ್ಟು ಬಿಟ್ಟು ಮತ್ತೇನೂ ಹೇಳಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಜುಲೈಯಲ್ಲಿ ಓರ್ವಲ್ ಬಲಭುಜದ ಆಪರೇಷನ್ ಮಾಡಿಸಿಕೊಂಡು ಬಂದ. ಅರವತ್ತೆಂಟು ವರ್ಷ. ಮೋಟರಿನ ಹಗ್ಗ ಎಳೆಯಲು ಕೈ ಮೇಲೇಳದು, ಆದರೆ ಬಾಯಿಗೆ ಏನೂ ಆಗಿರಲಿಲ್ಲ. ಮಂಗಳವಾರ ದೋಣಿ ನಡೆಸಲು ಯಾರಾದರೂ ಬೇಕು ಎಂದ. ಗಾರ್ತ್ ಎದ್ದ, ನಾನು ಅವನನ್ನು ಕೂರಿಸಿದೆ. ಆ ದೋಣಿಯಲ್ಲಿ ನಾನಿರಬೇಕು ಅನ್ನಿಸಿತು. ಯಾಕೆಂದು ಕೇಳಿದರೆ, ಆರ್ಡಿಸ್ ಆ ಬೆಳಿಗ್ಗೆ ರೆಸಾರ್ಟಿನ ನನ್ನ ಅಂಗಡಿಯಲ್ಲಿ ಒಂದು ಡಜನ್ ಜಿಗಣೆ ಬದಲು ಎರಡು ಡಜನ್ ಕೇಳಿದ್ದಳು.

ಸಂಜೆ ಐದೂವರೆಗೆ ಹೊರಟೆವು. ಗಾಳಿ ಸರಿಯಾಗಿತ್ತು, ನೀರಿನ ಮೇಲೆ ಸಣ್ಣಗೆ ಅಲೆ ಎದ್ದಿತ್ತು. ವಾಲೈ ಬಾಯಿ ತೆರೆಯುವುದು ಅಂಥ ನೀರಿನಲ್ಲೇ. ಹಿಂದೆ ಮೋಟರಿನ ಹತ್ತಿರ ನಾನು, ಮುಂದೆ ಓರ್ವಲ್, ನಡುವೆ ಆರ್ಡಿಸ್. ಅವಳ ಕೈಯಲ್ಲಿ ಲೈಲ್‌ನ ಕೋಲಿತ್ತು.

"ಅದ್ಯಾಕೆ ತಂದೆ? ಬಲೆ ಯಾರು ಹಿಡಿಯೋದು?" ಎಂದ ಓರ್ವಲ್.

"ನೋಡೋಣ" ಎಂದಳು ಆರ್ಡಿಸ್.

ಬಂಡೆಸಾಲಿನ ಅಂಚಿನಲ್ಲಿ ಮೋಟರ್ ಸಣ್ಣ ಮಾಡಿದೆ. ಕಾಲು ಗಂಟೆಯೂ ಆಗಿರಲಿಲ್ಲ, ಓರ್ವಲ್‌ನ ಕೋಲು ಬಾಗಿತು. ನಾನು ನಲವತ್ತು ವರ್ಷದಿಂದ ಈ ನೀರಿನ ಮೇಲಿದ್ದೇನೆ, ಬಾಗುವುದನ್ನು ನೋಡಿದರೆ ಮೀನು ಎಷ್ಟಿದೆ ಎಂದು ಹೇಳಬಲ್ಲೆ. ಇದು ಗೋಡೆಯ ಮೇಲಿದ್ದದ್ದಕ್ಕಿಂತ ದೊಡ್ಡದು. ಓರ್ವಲ್‌ಗೂ ಗೊತ್ತಾಯಿತು. ಮೊದಲ ಎರಡು ನಿಮಿಷ ಅವನ ಮುಖ ಅರಳಿತ್ತು. ಮೂರನೆಯ ನಿಮಿಷಕ್ಕೆ ಭುಜ ನೆನಪಿಗೆ ಬಂತು. ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು ಒಡೆಯಿತು. ಕೋಲಿನ ತುದಿ ನಡುಗತೊಡಗಿತು.

ಆರ್ಡಿಸ್ ತನ್ನ ಕೋಲನ್ನು ಮೇಲೆತ್ತಿ ಪಕ್ಕಕ್ಕಿಟ್ಟಳು. ಕೈ ಒರೆಸಿಕೊಂಡಳು. ಚರ್ಚಿನಲ್ಲಿ ಪಕ್ಕದವರನ್ನು ಮಾತಾಡಿಸುವಷ್ಟು ಮೆತ್ತಗೆ ಕೇಳಿದಳು.

"ನಾನು ತಗೊಳ್ಲಾ, ಓರ್ವಲ್?"

"ಬೇಡ, ಬೇಡ, ಪರವಾಗಿಲ್ಲ" ಎಂದ ಓರ್ವಲ್. ಅವನ ಬಾಯಿ ಇನ್ನೇನು ಹೇಳೀತು? ಹುಟ್ಟಿದಾಗಿನಿಂದ ಮೊದಲ ಸಲಕ್ಕೆ ಅವನು ಹೇಳಿದ್ದು ಅದನ್ನೇ.

ಹೇಳಿದ ಮೇಲೆ ಎರಡನೆಯ ಸಲ ಕೇಳುವುದನ್ನು ಕಾದ. ನಾನೂ ಕಾದೆ. ಆರ್ಡಿಸ್ ಕಾಲ ಬಳಿಯಿದ್ದ ಫ್ಲಾಸ್ಕ್ ಎತ್ತಿ, ಮುಚ್ಚಳ ತಿರುಗಿಸಿ, ನನ್ನ ಕಡೆ ನೋಡಿದಳು.

"ಟಿಲ್ಲಿ, ಕಾಫಿ?"

ಅವಳು ಏನು ಮಾಡುತ್ತಿದ್ದಾಳೆಂದು ಆಗ ಹೊಳೆಯಿತು. ಬೇಡ ಎಂದೆ, ರೂಢಿಯಂತೆ.

"ಬಿಸಿಯಾಗಿದೆ ಕಣೇ, ತಗೋ."

"ನಿಂಗೇ ಸಾಲದೆ ಹೋದೀತು."

ಮುಂದುಗಡೆ ಓರ್ವಲ್ ನರಳಿದ. ಮೀನು ದೋಣಿಯ ಕೆಳಗೆ ನುಗ್ಗಿತ್ತು. ಅವನು ಅರ್ಧ ತಿರುಗಿ ಆರ್ಡಿಸ್‌ಳ ಮುಖ ನೋಡಿದ. ಅವಳು ಅವನ ಕಡೆ ತಿರುಗಲೇ ಇಲ್ಲ.

"ಬೇಕಾದಷ್ಟಿದೆ. ಒಂದು ಗುಟುಕು ಕುಡಿ" ಎಂದಳು ನನಗೆ.

"ಸರಿ, ಅರ್ಧ ಕಪ್" ಎಂದೆ.

ಮೂರು ಸಲ ಅವನ ಕಿವಿಗೆ ಬೀಳುವಂತೆ ನನ್ನನ್ನು ಕೇಳಿ, ಕಪ್ಪಿನ ಅಂಚಿನವರೆಗೆ ಸುರಿದಳು. ಒಂದು ಹನಿ ಚೆಲ್ಲಲಿಲ್ಲ. ನಾನು ಅದನ್ನು ಬಾಯಿಗಿಟ್ಟಾಗ ಓರ್ವಲ್‌ನ ಕೈ ಸೋತು ಕೆಳಗಿಳಿಯಿತು, ದಾರ ಸಡಿಲವಾಯಿತು, ಅಷ್ಟೇ ಬೇಕಿತ್ತು ಮೀನಿಗೆ. ಖಾಲಿ ಗಾಳ ಮೇಲೆ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಆ ಕಾಫಿಯಷ್ಟು ರುಚಿಯಾದ ಕಾಫಿ ನಾನು ಕುಡಿದಿಲ್ಲ.

ಓರ್ವಲ್ ಖಾಲಿ ಗಾಳ ಬಿಚ್ಚಿಟ್ಟು ಭುಜ ಒತ್ತಿಕೊಂಡ. ಆಮೇಲೆ "ಇನ್ನೊಂದು ಸಲ ಕೇಳ್ಬಹುದಿತ್ತು ನೀನು" ಎಂದ.

"ನೀವು ಬೇಡ ಅಂದ್ರಲ್ಲ" ಎಂದಳು ಆರ್ಡಿಸ್. "ಬೇಡ ಅಂದ್ರೆ ಬೇಡ ಅಂತ ತಿಳ್ಕೊಂಡೆ. ನಾವು ಬಯಲಿನವ್ರು."

ಅವಳು ಹೊಸ ಜಿಗಣೆ ಸಿಕ್ಕಿಸಿ ತನ್ನ ದಾರ ಬಿಟ್ಟಳು. ಸೂರ್ಯ ಪೈನ್ ಮರಗಳ ತುದಿಗೆ ಇಳಿದಿದ್ದ. ಅರ್ಧ ಗಂಟೆಯಾದ ಮೇಲೆ ಅವಳ ಬೆರಳು ನಿಂತಿತು. ತುಟಿ ಅಲುಗುವುದು ಕಾಣಿಸಿತು, ಎಣಿಸುತ್ತಿದ್ದಳು. ನಾನೂ ಜೊತೆಗೆ ಎಣಿಸಿದೆ. ಹತ್ತಕ್ಕೆ ಎಳೆದಳು. ಸಿಕ್ಕಿತು.

ಓರ್ವಲ್‌ನ ಕೈ ತಾನಾಗಿ ಮುಂದೆ ಬಂತು, ಹಳೆಯ ಚಾಳಿ. "ನಾನು ತಗೊಳ್ಲಾ?"

"ಬೇಡ."

"ನಿಜವಾಗ್ಲೂ?"

"ಬೇಡ."

ಮೂರನೆಯದಕ್ಕೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಬಲೆ ನಿಮ್ಮ ಕಾಲ ಹತ್ರ ಇದೆ" ಎಂದಳು ಆರ್ಡಿಸ್.

ಇಪ್ಪತ್ತು ಬೇಸಿಗೆ ಅವಳು ಹಿಡಿದ ಬಲೆಯನ್ನು ಅವನು ಎಡಗೈಯಲ್ಲಿ ಎತ್ತಿಕೊಂಡ. ಬಲೆಯ ಅಂಚು ತಾಕಿಸಿ ಮೀನು ಉದುರಿಸುವುದು ಎಷ್ಟು ಸುಲಭ ಎಂದು ನನಗೆ ಗೊತ್ತು. ಹಾಗೆ ಮಾಡಿದರೆ ದೋಣಿ ಮಗುಚಿಯೇ ಬಿಡುತ್ತೇನೆ ಎಂದು ಮೋಟರಿನ ಹಿಡಿ ಬಿಗಿಯಾಗಿ ಹಿಡಿದೆ. ಅವನು ಹಾಗೆ ಮಾಡಲಿಲ್ಲ. ಮೀನಿನ ತಲೆಯ ಮುಂದೆ ಬಲೆ ಅದ್ದಿ ನೀಟಾಗಿ ಎತ್ತಿದ. ಅಷ್ಟರ ಮಟ್ಟಿಗೆ ಮರ್ಯಾದಸ್ಥ.

ಹದಿನಾರು ಇಂಚು. ಕರಿಯಲು ಹೇಳಿ ಮಾಡಿಸಿದ ಅಳತೆ, ಗೋಡೆಗೆ ಹಾಕುವಂಥದ್ದಲ್ಲ. ಐವತ್ತೈದನೆಯ ವಯಸ್ಸಿನಲ್ಲಿ ಆರ್ಡಿಸ್ ತನ್ನ ಮೊದಲ ವಾಲೈಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಕಣ್ಣು ನೋಡಿದಳು. ಬೆನ್ನಿನ ಮುಳ್ಳು ಚುಚ್ಚಿ ಅಂಗೈಯಲ್ಲಿ ರಕ್ತ ಬಂದದ್ದೂ ಅವಳಿಗೆ ತಿಳಿಯಲಿಲ್ಲ.

ದೋಣಿ ಕಟ್ಟುವಾಗ ನಾನು ಪಿಸುಗುಟ್ಟಿದೆ. "ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?"

"ಇಲ್ಲ. ಅವ್ರಿನ್ನೂ ಹೇಳಿಲ್ಲ."

ಆಮೇಲಿನ ಮೂರು ದಿನ ಅವಳು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ. ಐದನೇ ಕ್ಯಾಬಿನ್ನಿನ ಒಲೆ ಅವಳ ಕೈಯಲ್ಲಿತ್ತು. ಬೈಯಲಿಲ್ಲ, ಮುಖ ಊದಿಸಲಿಲ್ಲ. ಪ್ರತಿಯೊಂದನ್ನೂ ಓರ್ವಲ್‌ಗೆ ಒಂದೇ ಸಲ ಕೇಳಿದಳು, ಅಷ್ಟೆ. ಬೆಳಿಗ್ಗೆ "ಪ್ಯಾನ್‌ಕೇಕ್, ಓರ್ವಲ್?" ಎನ್ನುವಳು. "ಪರವಾಗಿಲ್ಲ" ಎನ್ನುವನು ಅವನು. ತಟ್ಟೆ ಅವನ ಮೂಗಿನ ಮುಂದೆ ಹಾದು ಪಕ್ಕದ ಕ್ಯಾಬಿನ್‌ನವರಿಗೆ ಹೋಗುವುದು. "ಕಾಫಿ?" "ನನಗ್ಯಾಕೆ." ಕಾಫಿ ಮುಗಿಯಿತು. ಮಧ್ಯಾಹ್ನ ಆಲೂಗಡ್ಡೆ, ದನದ ಮಾಂಸ ಹಾಕಿ ಬೇಯಿಸಿದ ಹಾಟ್‌ಡಿಶ್, ಮೇಲೆ ಗರಿಗರಿ ಪದರ ಕಟ್ಟಿದ್ದು. "ಹಾಕ್ಲಾ?" "ಮೊದಲು ಬೇರೆಯವ್ರಿಗೆ ಹಾಕು." ಹಾಕಿದಳು, ಬೇರೆಯವರಿಗೆ. ನನಗೂ ಒಂದು ಪಾತ್ರೆ ಕಳಿಸಿದಳು.

ಹೂಂ ಎನ್ನಲು ಅವನಿಗೇನು ಕಷ್ಟ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ನಮ್ಮವರಿಗೆ ನಾಲಿಗೆ ಹೊರಳುವುದಿಲ್ಲ. ಗುರುವಾರ ಅವನು ನನ್ನ ಅಂಗಡಿಗೆ ಬಂದು ಹುಳುಗಳ ಡಬ್ಬಗಳ ಪಕ್ಕದಲ್ಲಿದ್ದ ಒಣ ಬಿಸ್ಕತ್ತಿನ ಪೊಟ್ಟಣ ಎರಡು ಕೊಂಡ. ದೋಣಿಕಟ್ಟೆಯ ತುದಿಯಲ್ಲಿ ಬೆನ್ನು ಮಾಡಿ ಕೂತು ತಿಂದ. ಗಾರ್ತ್ ಕನಿಕರದಿಂದ ಕಾಫಿ ಒಯ್ಯಲು ಹೊರಟ. "ಕೂತ್ಕೊಳ್ರೀ ಸುಮ್ನೆ" ಎಂದು ನಾನು ಅವನ ಅಂಗಿ ಹಿಡಿದು ಎಳೆದೆ.

ಶುಕ್ರವಾರ ಸಂಜೆ ದಂಡೆಯಲ್ಲಿ ಉದ್ದ ಮೇಜು ಹಾಕಿದೆವು. ಎಂಟು ಕ್ಯಾಬಿನ್‌ನವರೂ ಬಂದರು. ಎಲ್ಲರ ಮೀನೂ ಒಂದೇ ಬಾಣಲೆಗೆ. ಆರ್ಡಿಸ್ ತನ್ನದನ್ನು ಮಾತ್ರ ಬೇರೆ ಇಟ್ಟಿದ್ದಳು. ಬಿಸ್ಕತ್ತಿನ ಪುಡಿ ಹಚ್ಚಿ, ಬೆಣ್ಣೆಯಲ್ಲಿ ಕೆಂಪಗೆ ಕರಿದು, ತಟ್ಟೆಯಲ್ಲಿ ಹಿಡಿದು ಮೇಜಿನ ಸುತ್ತ ಬಂದಳು. ಎಲ್ಲರಿಗೂ ಮೂರು ಮೂರು ಸಲ ಕೇಳಿ ಒಂದೊಂದು ತುಂಡು ಹಾಕಿದಳು. ಓರ್ವಲ್‌ನ ಹತ್ತಿರ ಬಂದಾಗ ತಟ್ಟೆಯಲ್ಲಿ ಎರಡು ತುಂಡು ಉಳಿದಿತ್ತು.

"ಮೀನು, ಓರ್ವಲ್?"

ಅವನು ತಟ್ಟೆ ನೋಡಿದ. "ಬೇಡ, ಪರವಾಗಿಲ್ಲ" ಎಂದು ಬಾಯಿ ತಾನಾಗಿ ಹೇಳಿತು.

ಆರ್ಡಿಸ್ ಮುಂದೆ ನಡೆದಳು.

"ಆರ್ಡಿಸ್" ಎಂದ ಓರ್ವಲ್. "ಇನ್ನೊಂದು ಸಲ ಕೇಳು."

ಹೀಗೆ ಬಾಯಿಬಿಟ್ಟು ಕೇಳಿಕೊಂಡವರನ್ನು ನಾವ್ಯಾರೂ ನೋಡಿರಲಿಲ್ಲ.

ಅವಳು ತಿರುಗಿದಳು. "ಯಾಕೆ?"

"ನನ್ನ ಬೇಡ ನಿಜವಾದ್ದಲ್ಲ. ನಿಂಗೂ ಗೊತ್ತು."

"ಗೊತ್ತು" ಎಂದಳು ಆರ್ಡಿಸ್. "ನಂದು ನಿಜವಾದ್ದಾಗಿತ್ತು. ಅದು ನಿಮಗೆ ಗೊತ್ತಿತ್ತಾ?"

ಯಾವುದು ಎಂದು ಅವನು ಕೇಳಲಿಲ್ಲ. ಆ ಕಥೆಯನ್ನು ಅದೇ ಮೇಜಿನಲ್ಲಿ ಇಪ್ಪತ್ತು ಸಲ ಹೇಳಿದವನು ಅವನೇ ಅಲ್ಲವೇ? ಎಲ್ಲರೂ ಅವನ ಕಡೆ ನೋಡುತ್ತಿದ್ದರು. ಫೋರ್ಕನ್ನು ತಟ್ಟೆಯ ಪಕ್ಕ ನೇರ ಮಾಡಿಟ್ಟ. ಮತ್ತೆ ಅದನ್ನೇ ನೇರ ಮಾಡಿದ.

"ಗೊತ್ತಿತ್ತು" ಎಂದ.

"ಜೋರಾಗಿ ಹೇಳಿ. ಟಿಲ್ಲಿಗೆ ಕೇಳಿಸ್ಲಿಲ್ಲ."

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೆ ನಾನು ಕಿವಿಗೆ ಕೈ ಹಿಡಿದೆ.

"ಗೊತ್ತಿತ್ತು. ನೀನು ನಿಜವಾಗಿ ಬೇಡ ಅಂದಿದ್ದು ಅಂತ ಗೊತ್ತಿತ್ತು. ಅಷ್ಟು ದೊಡ್ಡ ಮೀನು ನನ್ನ ಜೀವಮಾನದಲ್ಲೇ ಸಿಕ್ಕಿರಲಿಲ್ಲ. ನಿಂಗೆ ಬಂದ ಎರಡನೇ ದಿನಕ್ಕೇ ಸಿಕ್ತು. ತಡ್ಕೊಳ್ಳೋಕಾಗ್ಲಿಲ್ಲ."

ಆರ್ಡಿಸ್ ವಾಪಸ್ ಬಂದು ಅವನ ಪಕ್ಕ ನಿಂತಳು. "ಮೀನು, ಓರ್ವಲ್?" ಎಂದು ಎರಡನೆಯ ಸಲ ಕೇಳಿದಳು. ಅವನು ತಲೆ ಅಲ್ಲಾಡಿಸಿದ. ಮೂರನೆಯ ಸಲ ಕೇಳಿ, ಒಂದು ತುಂಡು ಹಾಕಿದಳು, ಎರಡರಲ್ಲಿ ಚಿಕ್ಕದು. ದೊಡ್ಡದನ್ನು ಅವನೆದುರಿಗೇ ಕೂತು ತಾನು ತಿಂದಳು.

ನಾನು ಇನ್ನು ತಡೆಯಲಾರದೆ ಎದ್ದೆ. "ಆರ್ಡಿಸ್, ಗೋಡೆ ಮೇಲಿನ ಹೆಸರು ಬದಲಾಯಿಸ್ಲಾ?"

"ಬೇಡ" ಎಂದಳು.

ಒಂದು ಕ್ಷಣ ನಾನು ತಬ್ಬಿಬ್ಬಾದೆ. ಇಷ್ಟೆಲ್ಲ ಆದ ಮೇಲೆ ಇವಳ ಬೇಡವನ್ನು ಬೇಡ ಎಂದೇ ತಿಳಿಯಬೇಕೋ ಏನೋ. ಮತ್ತೆ ಕೂರಲು ಹೊರಟೆ.

"ಯಾಕೆ ಕೂರ್ತೀಯ? ಇನ್ನೆರಡು ಸಲ ಕೇಳ್ಬೇಕು ನೀನು" ಎಂದಳು ಆರ್ಡಿಸ್. ಮೇಜಿಗೆ ಮೇಜೇ ನಕ್ಕಿತು. ಈ ಸಲ ಅವಳ ಜೊತೆಗೆ.

ಇನ್ನೆರಡು ಸಲ ಕೇಳಿದೆ. ಮೂರನೆಯದಕ್ಕೆ "ಸರಿ. ಆದ್ರೆ ಅವ್ರೇ ಬಿಚ್ಚಲಿ" ಎಂದಳು.

ಎಲ್ಲರೂ ಕಚೇರಿಗೆ ಬಂದರು. ಓರ್ವಲ್ ಕಾಫಿ ಪಾತ್ರೆಯ ಮುಂದೆ ನಿಂತು, ಆಪರೇಷನ್ ಆದ ಕೈ ಮೇಲೆತ್ತಿ, ಹಿತ್ತಾಳೆ ಪಟ್ಟಿಯ ಸ್ಕ್ರೂ ತಿರುಗಿಸಿದ. ನಾಲ್ಕು ಸ್ಕ್ರೂ. ಮೂರು ಬಂದವು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಯಾರೂ ಕೈ ಹಾಕಲಿಲ್ಲ.

ಆರ್ಡಿಸ್ ಅವನ ಪಕ್ಕಕ್ಕೆ ಹೋಗಿ ನಿಂತಳು.

"ನಾನು ತಗೊಳ್ಲಾ?" ಎಂದು ಕೇಳಿದಳು.

"ಹೂಂ" ಎಂದ ಓರ್ವಲ್, ಮೊದಲ ಸಲಕ್ಕೇ. ಸ್ಕ್ರೂಡ್ರೈವರ್ ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತ.